ಗರ್ಭಕೋಶ ತೆಗೆಸಿದ ಮೇಲೆ ಹಸಿವು, ಹೊಟ್ಟೆ ಬೊಜ್ಜು: ಮುದ್ದೆ ಬಿಡಬೇಕಾ?

ಆಶಾ ಕಾರ್ಯಕರ್ತೆ, ಮುಳಬಾಗಿಲು:
ನಮ್ಮ ಕಡೆ 40–45 ವಯಸ್ಸಿನ ಹೆಂಗಸರು ಗರ್ಭಕೋಶ ತೆಗೆಸಿಕೊಂಡ ಮೇಲೆ ಹಸಿವು ತಡೆಯೋಕಾಗ್ತಿಲ್ಲ, ಹೊಟ್ಟೆ ಬಂತು ಅಂತಾರೆ. ಕೆಲವರು ಮುದ್ದೆ ಬಿಟ್ಟು ಬರೀ ಹಣ್ಣು, ಮಜ್ಜಿಗೆಯಲ್ಲಿ ದಿನ ದೂಡ್ತಿದ್ದಾರೆ. ಆಪರೇಷನ್‌ಗೂ ಹಸಿವಿಗೂ ನಿಜವಾಗ್ಲೂ ಸಂಬಂಧ ಇದೆಯಾ?

ಸ್ತ್ರೀರೋಗ ವೈದ್ಯೆ, ಕೋಲಾರ:
ಮೊದಲು ಡಿಸ್ಚಾರ್ಜ್ ಚೀಟಿ ನೋಡಿ. ಹಸಿವಿಗೆ ಕಡಿವಾಣ ಹಾಕೋ ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಬರೋದು ಅಂಡಾಶಯದಿಂದ, ಗರ್ಭಕೋಶದಿಂದಲ್ಲ. ಚೀಟಿಯಲ್ಲಿ 'ಬಿಎಸ್‌ಒ' ಅಂತಿದ್ದರೆ ಎರಡೂ ಅಂಡಾಶಯ, ನಾಳ ಸಮೇತ ತೆಗೆದಿದ್ದಾರೆ. ಅಂಡಾಶಯ ಉಳಿಸಿದ್ದರೆ ಹಾರ್ಮೋನು ಬರ್ತಾನೇ ಇರುತ್ತೆ, ಆಗ ತೂಕಕ್ಕೆ ಬೇರೆ ಕಾರಣ ಹುಡುಕಬೇಕು. ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ), ಖಾಲಿ ಹೊಟ್ಟೆ ಸಕ್ಕರೆ ಮಾಡಿಸಿ.

ಉಂಡಾಗ ಕರುಳಿನಿಂದ ಸಿಸಿಕೆ ಅನ್ನೋ ಹಾರ್ಮೋನು ಬಂದು ಮೆದುಳಿಗೆ 'ಸಾಕು' ಅನ್ನುತ್ತೆ. ಈಸ್ಟ್ರೋಜನ್ ಆ ಮಾತಿಗೆ ಬಲ ಕೊಡುತ್ತೆ. ಅಂಡಾಶಯ ತೆಗೆದ ಇಲಿಗಳಲ್ಲಿ ಕಂಡದ್ದು ಮುಖ್ಯ: ಅವು ತಿನ್ನೋ ಸಲ ಹೆಚ್ಚಲಿಲ್ಲ, ಒಂದೊಂದು ಸಲಕ್ಕೆ ತಿನ್ನೋ ಪ್ರಮಾಣ ಹೆಚ್ಚಿತು. ಈಸ್ಟ್ರೋಜನ್ ಕೊಟ್ಟಾಗ ಮತ್ತೆ ಇಳಿಯಿತು. ಇನ್ನು ಈಸ್ಟ್ರೋಜನ್ ಇಳಿದರೆ ಕೊಬ್ಬು, ತೊಡೆ ಸೊಂಟದಲ್ಲಿ ಕೂರುತ್ತಿದ್ದದ್ದು ಹೊಟ್ಟೆಯೊಳಕ್ಕೆ ಜರುಗುತ್ತೆ. ಅದಕ್ಕೇ ತೂಕ ಒಂದನ್ನೇ ನೋಡಬೇಡಿ. ಉಸಿರು ಬಿಟ್ಟ ಮೇಲೆ, ಕೊನೆ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡೀರಿ. ನಮ್ಮ ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ.

45ರೊಳಗೆ ಎರಡೂ ಅಂಡಾಶಯ ಹೋಗಿದ್ದರೆ ಮೂಳೆ, ಹೃದಯದ ದೃಷ್ಟಿಯಿಂದ ಹಾರ್ಮೋನು ಚಿಕಿತ್ಸೆ ಬೇಕಾ ಅಂತ ವೈದ್ಯರ ಹತ್ತಿರ ಕೇಳಲೇಬೇಕು. ತೂಕ ಇಳಿಸೋಕೆ ಅಂತ ಅದನ್ನ ತಗೊಳ್ಳೋದಲ್ಲ.

ಪಥ್ಯಾಹಾರ ತಜ್ಞ, ಚಿಂತಾಮಣಿ:
ಮೇಡಂ ಹೇಳಿದ್ದರಲ್ಲೇ ಊಟದ ದಾರಿ ಇದೆ. ಹೊತ್ತು ತಪ್ಪಿಸೋದು ಬೇಡ, ಬಡಿಸಿಕೊಳ್ಳೋ ಅಳತೆ ತಿದ್ದಿ. 75 ಗ್ರಾಂ ರಾಗಿ ಹಿಟ್ಟಿನ ಮುದ್ದೆ ಸುಮಾರು 240 ಕ್ಯಾಲರಿ, ಅದು ಹೊಟ್ಟೆ ತರಲ್ಲ. ಎರಡನೇ ಮುದ್ದೆ, ಅದರ ಮೇಲೊಂದು ಅನ್ನ, ಒಗ್ಗರಣೆಗೆ ಬಾಟಲಿಯಿಂದ ಸುರಿಯೋ ಎಣ್ಣೆ ತರುತ್ತೆ. 15 ಮಿಲಿ ಎಣ್ಣೆಯೇ ಸುಮಾರು 125 ಕ್ಯಾಲರಿ, ಚಮಚದಲ್ಲಿ ಅಳೆದು ಹಾಕಿ.

ಬಸ್ಸಾರು ಮಾಡೋ ಮನೆಗಳಲ್ಲಿ ಒಂದು ತಪ್ಪು ಸದಾ ನಡೆಯುತ್ತೆ. ಬಸಿದ ಕಟ್ಟಿನ ಸಾರು ಮುದ್ದೆಗೆ ಹೋಗುತ್ತೆ, ಕಾಳು-ಸೊಪ್ಪಿನ ಪಲ್ಯ ಒಂದು ಚಮಚ ಮಾತ್ರ. ಪ್ರೋಟೀನು, ನಾರು ಇರೋದು ಆ ಪಲ್ಯದಲ್ಲೇ! ಮೊದಲು ಒಂದು ಬಟ್ಟಲು ಪಲ್ಯ ತಿಂದು, ಆಮೇಲೆ ಮುದ್ದೆ ಮುರಿಯಲಿ. 60 ಕೆ.ಜಿ.ಗೆ ದಿನಕ್ಕೆ ಕನಿಷ್ಠ 50 ಗ್ರಾಂ ಪ್ರೋಟೀನು ಬೇಕು. 30 ಗ್ರಾಂ ಹುರುಳಿಕಾಳಿನಲ್ಲಿ ಆರು ಗ್ರಾಂ ಮೇಲೆ, ಒಂದು ಮೊಟ್ಟೆಯಲ್ಲಿ ಆರು. ಬರೀ ಹಣ್ಣು, ಮಜ್ಜಿಗೆಯಲ್ಲಿ ಇದು ಸಿಗಲ್ಲ. ಮಾಂಸಖಂಡ ಕರಗುತ್ತೆ, ಸಂಜೆ ಆರಕ್ಕೆ ಹಸಿವು ಕಿತ್ತು ತಿನ್ನುತ್ತೆ, ಕೈ ಬೋಂಡಾಕ್ಕೆ ಹೋಗುತ್ತೆ.

ಆಶಾ ಕಾರ್ಯಕರ್ತೆ, ಮುಳಬಾಗಿಲು:
ಮುಟ್ಟಿಗೆ ಮುಂಚಿನ ವಾರದ ಹಸಿವೂ ಇದೇನಾ? ಮತ್ತೆ, ಎಷ್ಟೋ ಜನ ಚೀಟಿ ಕಳೆದುಕೊಂಡಿದ್ದಾರೆ ಮೇಡಂ.

ಸ್ತ್ರೀರೋಗ ವೈದ್ಯೆ, ಕೋಲಾರ:
ಹೌದು ತಾಯಿ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನು ಏರಿ ಈಸ್ಟ್ರೋಜನ್ನಿನ ಕಡಿವಾಣ ಸಡಿಲವಾಗುತ್ತೆ. ಮುಟ್ಟು ಬಂದ ಮೇಲೆ ಸರಿಹೋಗುತ್ತೆ, ಆ ವಾರದ ತೂಕದಲ್ಲಿ ನೀರೂ ಸೇರಿರುತ್ತೆ.

ಚೀಟಿ ಇಲ್ಲದಿದ್ದರೆ ಆಪರೇಷನ್ ಆದ ಆಸ್ಪತ್ರೆಯಲ್ಲೇ ದಾಖಲೆಯ ನಕಲು ಕೇಳಿಸಿ. ಆಪರೇಷನ್ ಆದ ಕೆಲವೇ ದಿನಕ್ಕೆ ಮೈ ಬಿಸಿಯೇರಿ ರಾತ್ರಿ ಬೆವರಿದ್ದರೆ ಅಂಡಾಶಯ ಹೋಗಿರೋ ಅನುಮಾನ ಗಟ್ಟಿ. ಸ್ಕ್ಯಾನಿಂಗ್, ರಕ್ತದ ಎಫ್‌ಎಸ್‌ಎಚ್ (ಅಂಡಾಶಯ ಇಲ್ಲದಿದ್ದರೆ ಏರೋ ಹಾರ್ಮೋನು) ಎರಡೂ ಸೇರಿಸಿ ನೋಡಿದರೆ ತಿಳಿಯುತ್ತೆ.