ಅಪ್‌ಡೇಟ್: ವ್ಯಾನ್‌ಗೆ 5 ಕೆಜಿ ಸಿಲಿಂಡರೇ ಸರಿ ಹೋಯ್ತು

ನಮ್ಮ ಟೆಂಪೋ ಟ್ರಾವೆಲರ್‌ನಲ್ಲಿ ಅಡುಗೆಗೆ 14.2 ಕೆಜಿ ಸಿಲಿಂಡರ್ ಇಡಲೋ, 5 ಕೆಜಿಯದ್ದೋ ಅಂತ ಕೇಳಿದ್ದೆನಲ್ಲ, ಚಿಕ್ಕದನ್ನೇ ತಗೊಂಡೆ. ನಿಮ್ಮಲ್ಲೊಬ್ಬರು ಹೇಳಿದ ಮಾತು ನನ್ನ ಪ್ಲಾನನ್ನೇ ಬದಲಿಸ್ತು: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲಮಟ್ಟದಲ್ಲೇ ನಿಲ್ಲುತ್ತೆ. ಕಿಟಕಿ ಇದೆಯಲ್ಲ ಅಂತ ನಾನು ನೆಮ್ಮದಿಯಾಗಿದ್ದೆ!

ಮೈಸೂರಲ್ಲೇ ವೆಲ್ಡಿಂಗ್‌ನವರ ಹತ್ರ, ವ್ಯಾನ್ ಒಳಗಡೆಗೆ ಗಾಳಿಯಾಡದ ತಗಡಿನ ಪೆಟ್ಟಿಗೆ ಮಾಡಿಸಿ, ತಳದಲ್ಲಿ ನೇರ ಹೊರಕ್ಕೆ ತೂತು ಬಿಡಿಸಿದೆ, ಸೈಲೆನ್ಸರ್‌ನಿಂದ ದೂರಕ್ಕೆ. ಅದರೊಳಗೆ ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಬೆಲ್ಟ್ ಬಿಗಿದಿದ್ದೀನಿ. ಸೋಪಿನ ನೊರೆ ಹಚ್ಚಿ ನೋಡಿದಾಗ ಪೈಪು ಸ್ಟವ್‌ಗೆ ಸೇರೋ ಕಡೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಏಳ್ತಾ ಇದ್ವು. ಎದೆ ಝಲ್ಲೆಂತು. ಪೈಪು, ಕ್ಲಿಪ್ ಎರಡೂ ಹೊಸದು ಹಾಕಿದ ಮೇಲೆ ನಿಂತವು.

ಭಾನುವಾರ ಮೇಲುಕೋಟೆಯಲ್ಲಿ ವ್ಯಾನ್ ನಿಲ್ಲಿಸಿ, ಬಾಗಿಲು ತೆಗೆದಿಟ್ಟು, ಅಮ್ಮನಿಗೆ ಮೊದಲ ಕಾಫಿ ಮಾಡಿಕೊಟ್ಟೆ. ಹೊರಡೋ ಮುಂಚೆ ರೆಗ್ಯುಲೇಟರ್ ಬಂದ್ ಮಾಡಿದ್ದು ಅಮ್ಮನೇ.