ಅಪ್‌ಡೇಟ್: ಶಾಲೆಯ ಕಲಾ ಹಬ್ಬಕ್ಕೆ ಡೊಳ್ಳು ಬಂತು!

ಹೋದ ತಿಂಗಳು ಕೇಳಿದ್ದೆ: ನಮ್ಮ ಹಳ್ಳಿ ಶಾಲೆಯ ಮಕ್ಕಳು ಸಂಗೀತ, ಕುಣಿತವನ್ನು ಎದುರಿಗೇ ನೋಡಬೇಕು, ಕಡಿಮೆ ದುಡ್ಡಲ್ಲಿ ಹೇಗೆ ಮಾಡೋದು ಅಂತ. ಹಬ್ಬ ಮುಗಿಯಿತು, ತುಂಬಾ ಚೆನ್ನಾಗಿ ಆಯಿತು.

ಕೆಲವರು ಪ್ರೊಜೆಕ್ಟರ್‌ನಲ್ಲಿ ವಿಡಿಯೋ ತೋರಿಸಿ ಅಂದಿದ್ದರು. ಒಂದು ದಿನ ಮಾಡಿ ನೋಡಿದೆವು. ಹತ್ತೇ ನಿಮಿಷಕ್ಕೆ ಮಕ್ಕಳ ಗಮನ ಹೋಯಿತು. ಸ್ಪಿಕ್ ಮೆಕೆಗೆ ಬರೆಯಿರಿ ಅಂದವರಿಗೂ ಥ್ಯಾಂಕ್ಸ್. 1977ರಿಂದ ಶಾಲೆ ಕಾಲೇಜುಗಳಿಗೆ ಕಲಾವಿದರನ್ನು ಕರೆತರುತ್ತಿರುವ ಸಂಸ್ಥೆ ಅದು. ನಮಗೆ ದಿನ ಕಡಿಮೆ ಇತ್ತು, ಮುಂದಿನ ವರ್ಷ ಬೇಗ ಬರೆಯುತ್ತೇವೆ.

ಕೆಲಸ ಮಾಡಿದ್ದು "ಪಕ್ಕದ ಊರಿನ ಡೊಳ್ಳು ತಂಡವನ್ನೇ ಕರೆಯಿರಿ, ಬರೀ ಪ್ರದರ್ಶನ ಬೇಡ, ವಾದ್ಯ ಮುಟ್ಟೋಕೆ ಬಿಡಿ" ಅನ್ನೋ ಸಲಹೆ. ಊಟ, ಬಸ್ ಖರ್ಚು ಜೊತೆಗೆ ಸಂಭಾವನೆಯನ್ನೂ ಪೋಷಕರು ಸೇರಿ ಕೊಟ್ಟರು. ಅದು ಕೊಡಲೇಬೇಕು, ಅಲ್ವಾ?

ಮೊದಲು ಸಭಾಂಗಣದಲ್ಲಿ ಶುರು ಮಾಡಿದೆವು. ಸದ್ದು ಜಾಸ್ತಿಯಾಗಿ ಚಿಕ್ಕ ಮಕ್ಕಳು ಕಿವಿ ಮುಚ್ಚಿಕೊಂಡರು. ಅಂಗಳಕ್ಕೆ ಬಂದ ಮೇಲೆ ಎಲ್ಲ ಸರಿಯಾಯಿತು.

ನನಗೂ ಹೊಸದು ಗೊತ್ತಾಯಿತು. ಡೊಳ್ಳಿನ ಒಂದು ಬದಿಗೆ ಕೋಲು, ಇನ್ನೊಂದಕ್ಕೆ ಬರಿಗೈ. ತೇವವಿದ್ದರೆ ಚರ್ಮ ಸಡಿಲವಾಗುತ್ತದೆ, ಅದಕ್ಕೇ ತಂಡದವರು ಬಂದ ಕೂಡಲೇ ಡೊಳ್ಳುಗಳನ್ನು ಬಿಸಿಲಿಗೆ ಇಟ್ಟಿದ್ದರು. ತರಗತಿಯಲ್ಲಿ ಬಾಯೇ ಬಿಡದ ಒಬ್ಬಳು ಹುಡುಗಿ ಅವರು ಬಾರಿಸಿದ ತಾಳವನ್ನೇ ತಪ್ಪದೆ ಬಾರಿಸಿದಳು. ನನ್ನ ಕಣ್ಣು ತುಂಬಿ ಬಂತು. ಈಗ ದಿನಾ ಬೆಂಚಿನ ಮೇಲೆ ಅದೇ ತಾಳ ಕೇಳಿಸುತ್ತಿದೆ.