ಫ್ಲೋರೈಡ್ ನಿವಾರಣೆಯ ಯೋಜನೆಗೆ ಅನುದಾನ: ಅರ್ಜಿಯಲ್ಲಿ ಎಲ್ಲಿ ಎಡವುತ್ತೇವೆ?

ಪ್ರಶ್ನೆ – ಪಾವಗಡದಿಂದ

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಸಮಸ್ಯೆ ಎಷ್ಟು ಹಳೆಯದೆಂಬುದು ಇಲ್ಲಿನ ಬಹುತೇಕರಿಗೆ ತಿಳಿದಿದೆ. ನಾವು ಮೂವರು ಗೆಳೆಯರು ಸೇರಿ ಅಲ್ಯೂಮಿನಾ (ಫ್ಲೋರೈಡನ್ನು ಹೀರಿಕೊಳ್ಳುವ ಅಲ್ಯೂಮಿನಿಯಂ ಆಕ್ಸೈಡ್) ಬಳಸುವ ಶೋಧಕವೊಂದನ್ನು ಸಿದ್ಧಪಡಿಸಿದ್ದೇವೆ. ಇದನ್ನು ಸುಮಾರು 200 ಕುಟುಂಬಗಳಿರುವ ಒಂದು ಹಳ್ಳಿಯಲ್ಲಿ ಪ್ರಾಯೋಗಿಕವಾಗಿ ಅಳವಡಿಸಲು ಅನುದಾನ ಕೋರಿ ಅರ್ಜಿ ಬರೆಯುತ್ತಿದ್ದು, ಅದರ ಸಾರಾಂಶ ಹೀಗೆ ಆರಂಭವಾಗುತ್ತದೆ: "ನಮ್ಮ ಶೋಧಕವು ನೀರಿನಲ್ಲಿರುವ ಫ್ಲೋರೈಡ್‌ನ ಶೇ. 95ರಷ್ಟನ್ನು ತೆಗೆಯುತ್ತದೆ ಮತ್ತು ಆರ್‌ಒ ಘಟಕದಂತೆ ನೀರನ್ನು ಪೋಲು ಮಾಡುವುದಿಲ್ಲ." ಇಂಥ ಅರ್ಜಿಗಳು ಸಾಮಾನ್ಯವಾಗಿ ಯಾವ ಕಾರಣಕ್ಕೆ ತಿರಸ್ಕೃತವಾಗುತ್ತವೆ, ಯಾವ ಯೋಜನೆಗೆ ಸಲ್ಲಿಸುವುದು ಸೂಕ್ತ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ – ನಿವೃತ್ತ ಇಂಜಿನಿಯರ್, ಚಿತ್ರದುರ್ಗ

ನಿಮ್ಮ ಸಾರಾಂಶದ ಮೊದಲ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಪರಿಶೀಲಕರೂ ಅಲ್ಲಿಂದಲೇ ಆರಂಭಿಸುತ್ತಾರೆ. ಶೇ. 95 ಎಂಬುದು ಯಾವ ನೀರಿನಲ್ಲಿ ಸಿಕ್ಕ ಫಲಿತಾಂಶ? ಭಟ್ಟಿ ಇಳಿಸಿದ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ ಪರೀಕ್ಷಿಸಿದರೆ ಅಲ್ಯೂಮಿನಾ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಭಾಗದ ಕೊಳವೆಬಾವಿ ನೀರಿನಲ್ಲಾದರೋ ಬೈಕಾರ್ಬೊನೇಟ್ ಹೆಚ್ಚು, ಸಿಲಿಕಾ ಇರುತ್ತದೆ, ಪಿಎಚ್ ಕೂಡ ಏಳನ್ನು ದಾಟಿರುತ್ತದೆ. ಇವೆಲ್ಲವೂ ಅಲ್ಯೂಮಿನಾ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ಪ್ರಮಾಣವನ್ನು ತಗ್ಗಿಸುತ್ತವೆ. ಆದ್ದರಿಂದ ಶೇಕಡಾವಾರು ಲೆಕ್ಕವನ್ನು ಬಿಟ್ಟು, ನೀವು ಆರಿಸಿಕೊಂಡ ಹಳ್ಳಿಯ ಬಾವಿಯ ನೀರನ್ನು ಬೇಸಿಗೆಯಲ್ಲಿಯೂ ಮಳೆಗಾಲದ ನಂತರವೂ ಪರೀಕ್ಷಿಸಿ, ಶೋಧಕಕ್ಕೆ ಹೋಗುವಾಗ ಎಷ್ಟು ಮಿಲಿಗ್ರಾಂ ಇತ್ತು, ಹೊರಬಂದಾಗ ಎಷ್ಟು ಉಳಿಯಿತು, ಎಷ್ಟು ಲೀಟರ್ ಹರಿದ ಮೇಲೆ ಆ ಗುಣಮಟ್ಟ ಕೆಟ್ಟಿತು ಎಂಬುದನ್ನು ಬರೆಯಿರಿ. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರ ಪ್ರಕಾರ ಲೀಟರಿಗೆ 1.0 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ಜಲಮೂಲವೇ ಇಲ್ಲದಾಗ ಮಾತ್ರ 1.5ರವರೆಗೆ ಅವಕಾಶವಿದೆ. ನಿಮ್ಮ ಗುರಿ ಯಾವುದೆಂದು ಸ್ಪಷ್ಟವಾಗಿರಲಿ.

ಇನ್ನು, ಬಹುತೇಕ ಅರ್ಜಿಗಳಲ್ಲಿ ಕಾಣದ ಲೆಕ್ಕವೊಂದನ್ನು ಇಲ್ಲಿಯೇ ಮಾಡಿ ನೋಡೋಣ. ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದ್ದು ಅದನ್ನು 1ಕ್ಕೆ ಇಳಿಸಬೇಕೆಂದರೆ ಪ್ರತಿ ಲೀಟರಿನಿಂದ 2 ಮಿಲಿಗ್ರಾಂ ತೆಗೆಯಬೇಕು. ಕುಡಿಯುವ ಹಾಗೂ ಅಡುಗೆಯ ನೀರಿಗೆಂದು ಜಲ ಜೀವನ್ ಮಿಷನ್ ಇಂಥ ಸಮುದಾಯ ಘಟಕಗಳಿಗೆ ಇಟ್ಟುಕೊಂಡಿರುವ ಪ್ರಮಾಣ ತಲೆಗೆ ದಿನಕ್ಕೆ 8ರಿಂದ 10 ಲೀಟರ್. ಸಾವಿರ ಜನರಿಗೆ 8 ಲೀಟರಿನಂತೆ ಹಿಡಿದರೂ ದಿನಕ್ಕೆ 8,000 ಲೀಟರ್, ಅಂದರೆ 16 ಗ್ರಾಂ ಫ್ಲೋರೈಡ್. ನಿಮ್ಮ ಅಲ್ಯೂಮಿನಾ ಕಿಲೋಗೆ 1 ಗ್ರಾಂ ಹೀರುತ್ತದೆ ಎಂದಾದರೆ ದಿನಕ್ಕೆ 16 ಕಿಲೋ, ತಿಂಗಳಿಗೆ 480 ಕಿಲೋ ಅಲ್ಯೂಮಿನಾ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅದನ್ನು ಕ್ಷಾರದಿಂದ ತೊಳೆದು ಮತ್ತೆ ಬಳಕೆಗೆ ತರುವವರು ಯಾರು, ತೊಳೆದ ಮೇಲೆ ಉಳಿಯುವ ಫ್ಲೋರೈಡ್ ತುಂಬಿದ ನೀರನ್ನು ಎಲ್ಲಿ ಬಿಡುತ್ತೀರಿ? ನೀರನ್ನು ಪೋಲು ಮಾಡುವುದಿಲ್ಲ ಎಂಬ ನಿಮ್ಮ ಮಾತು ನಿಲ್ಲುವುದೂ ಬೀಳುವುದೂ ಈ ಪ್ರಶ್ನೆಯ ಮೇಲೆಯೇ. ಯಂತ್ರದ ವರ್ಣನೆಗೆ ಎರಡು ಪುಟ ಮೀಸಲಿಟ್ಟು ಈ ವಿಷಯಕ್ಕೆ ಒಂದು ಸಾಲನ್ನೂ ಕೊಡದ ಅರ್ಜಿಯನ್ನು ಒಪ್ಪುವುದು ಕಷ್ಟ.

ಉತ್ತರ – ನವೋದ್ಯಮ ಮಾರ್ಗದರ್ಶಕಿ, ಬೆಂಗಳೂರು

ತಾಂತ್ರಿಕ ವಿಷಯವನ್ನು ಮೇಲಿನವರು ಸಮರ್ಪಕವಾಗಿ ವಿವರಿಸಿದ್ದಾರೆ. ನಾನು ಯೋಜನೆಯ ಆಯ್ಕೆಯ ಬಗ್ಗೆ ಮಾತ್ರ ಹೇಳುತ್ತೇನೆ. "ನೀರು" ಎಂಬ ಪದ ಕಂಡ ಕೂಡಲೇ ಒಂದೇ ಬರಹವನ್ನು ಎಲ್ಲ ಕಡೆಗೂ ಕಳುಹಿಸುವುದು ದೊಡ್ಡ ತಪ್ಪು. ಉದಾಹರಣೆಗೆ, 2022ರಲ್ಲಿ ಕೇಂದ್ರದ ನಗರ ಯೋಜನೆಯಾದ ಅಮೃತ್ 2.0ರ ಅಡಿಯಲ್ಲಿ ಆರಂಭವಾದ ಸ್ಟಾರ್ಟ್‌ಅಪ್ ಸ್ಪರ್ಧೆಯಲ್ಲಿ ಆಯ್ಕೆಯಾದವರಿಗೆ 20 ಲಕ್ಷ ರೂಪಾಯಿ ದೊರೆಯುತ್ತಿತ್ತಾದರೂ, ಅದು ನಗರಗಳ ನೀರಿನ ಸಮಸ್ಯೆಗೆಂದೇ ರೂಪಿಸಿದ್ದು. ನಿಮ್ಮದು ಹಳ್ಳಿಯ ಯೋಜನೆ. ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಸಂಸ್ಥೆಯಾದ ಬೈರಾಕ್‌ನ ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್ 18 ತಿಂಗಳಿಗೆ 50 ಲಕ್ಷದವರೆಗೆ ಕೊಡುತ್ತದೆ, ಆದರೆ ಅದು ಪರಿಕಲ್ಪನೆಯನ್ನು ಸಾಧಿಸಿ ತೋರಿಸುವ ಹಂತಕ್ಕೆ, ಅದರಲ್ಲೂ ಜೈವಿಕ ತಂತ್ರಜ್ಞಾನ ಕ್ಷೇತ್ರಕ್ಕೆ ಸಂಬಂಧಪಟ್ಟವರಿಗೆ. ಕರ್ನಾಟಕ ಸರ್ಕಾರದ ಸ್ಟಾರ್ಟ್‌ಅಪ್ ಯೋಜನೆಯಾದ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ ಒಂದು ಬಾರಿಯ ಅನುದಾನವಿದ್ದು, ನೋಂದಾಯಿತ ಸ್ಟಾರ್ಟ್‌ಅಪ್ ಆಗಿರಬೇಕಾಗುತ್ತದೆ. ನೀವು ಮೂವರೂ ಇನ್ನೂ ಗೆಳೆಯರಾಗಿಯೇ ಇದ್ದರೆ ಮೊದಲು ಆ ಕೆಲಸ ಮುಗಿಸಿ. ಆಯಾ ವರ್ಷದ ಪ್ರಕಟಣೆಯ ಷರತ್ತುಗಳನ್ನು ಪೂರ್ತಿ ಓದಿದ ನಂತರವೇ ಬರೆಯಲು ಕುಳಿತುಕೊಳ್ಳಿ.

ಇನ್ನೊಂದು ಮಾತು. ಶೋಧಕದ ಒಳರಚನೆಯನ್ನು ಮೇಳದಲ್ಲೋ ಜಾಲತಾಣದಲ್ಲೋ ಬಹಿರಂಗಪಡಿಸುವ ಮೊದಲು ತಾತ್ಕಾಲಿಕ ಪೇಟೆಂಟ್ ಅರ್ಜಿಯನ್ನು ಸಲ್ಲಿಸಿರಿ. ಪೂರ್ಣ ವಿವರಣೆಯನ್ನು ಸಲ್ಲಿಸಲು ಅಲ್ಲಿಂದ 12 ತಿಂಗಳ ಅವಕಾಶವಿರುತ್ತದೆ.

ಉತ್ತರ – ಲೆಕ್ಕಪತ್ರ ಸಲಹೆಗಾರ, ಹುಬ್ಬಳ್ಳಿ

ಆಯವ್ಯಯದ ಪಟ್ಟಿಯಲ್ಲಿ ಯಂತ್ರೋಪಕರಣಕ್ಕೆ ದೊಡ್ಡ ಮೊತ್ತ ತೋರಿಸಿ, ನೀರಿನ ಪರೀಕ್ಷೆ, ಸಾಗಣೆ ಮತ್ತು ತ್ಯಾಜ್ಯ ವಿಲೇವಾರಿಗೆ ಏನನ್ನೂ ಇಡದ ಅರ್ಜಿಗಳನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ಪ್ರತಿಯೊಂದು ದೊಡ್ಡ ಖರ್ಚಿಗೂ ದರಪಟ್ಟಿ ಲಗತ್ತಿಸಿ, ಜಿಎಸ್‌ಟಿಯನ್ನು ಸೇರಿಸಿಯೇ ಲೆಕ್ಕ ಹಾಕಿ. ಕೇಂದ್ರದ ಅನುದಾನವಾದರೆ ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಹಣದ ಮೇಲೆ ಬಂದ ಬಡ್ಡಿಯೂ ಸರ್ಕಾರದ್ದೇ ಆಗಿರುವುದರಿಂದ, ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ಮೊದಲ ದಿನದಿಂದಲೇ ಇಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಂಚಾಯಿತಿ ಅಧ್ಯಕ್ಷರು "ಸಂಪೂರ್ಣ ಸಹಕಾರ ನೀಡುತ್ತೇವೆ" ಎಂದು ಪತ್ರ ಕೊಟ್ಟಿದ್ದಾರೆ. ಅರ್ಜಿಗೆ ಅದು ಸಾಕೇ?

ಉತ್ತರ – ನಿವೃತ್ತ ಇಂಜಿನಿಯರ್, ಚಿತ್ರದುರ್ಗ

ಸಾಲದು. ಅಧ್ಯಕ್ಷರು ಬದಲಾಗುತ್ತಾರೆ, ಸಾಮಾನ್ಯ ಸಭೆಯ ನಡವಳಿ ಪುಸ್ತಕದಲ್ಲಿ ದಾಖಲಾದ ನಿರ್ಣಯ ಉಳಿಯುತ್ತದೆ. ಘಟಕಕ್ಕೆ ಕೊಡುವ ಜಾಗದ ವಿವರ, ವಿದ್ಯುತ್ ಬಿಲ್ಲನ್ನು ಯಾವ ನಿಧಿಯಿಂದ ಕಟ್ಟುತ್ತಾರೆ, ಅನುದಾನದ ಅವಧಿ ಮುಗಿದ ಮೇಲೆ ಅಲ್ಯೂಮಿನಾ ಬದಲಿಸುವ ವೆಚ್ಚ ಯಾರದು ಎಂಬ ಮೂರೂ ಆ ನಿರ್ಣಯದಲ್ಲಿರಲಿ, ಅದರ ದೃಢೀಕೃತ ಪ್ರತಿಯನ್ನು ಪಿಡಿಒ ಅವರಿಂದ ಪಡೆದು ಲಗತ್ತಿಸಿ. ಅದಕ್ಕೂ ಮೊದಲು ಆ ಊರಿನ ನೀರುಗಂಟಿಯೊಂದಿಗೆ ಕುಳಿತು ಮಾತನಾಡಿ. ಕೊಳವೆಬಾವಿಯ ಮೋಟಾರು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ಮೂರು ಫೇಸ್ ವಿದ್ಯುತ್ ಯಾವಾಗ ಬರುತ್ತದೆ, ಬೇಸಿಗೆಯಲ್ಲಿ ಯಾವ ಬಾವಿಗೆ ಸಂಪರ್ಕ ಬದಲಿಸುತ್ತಾರೆ ಎಂಬುದು ಅವರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ. ಬಾವಿ ಬದಲಾದರೆ ಫ್ಲೋರೈಡ್‌ನ ಪ್ರಮಾಣವೂ ಬದಲಾಗುವುದರಿಂದ, ಬೇಸಿಗೆಯ ಆ ಬಾವಿಯ ನೀರನ್ನೂ ಪರೀಕ್ಷೆಗೆ ಸೇರಿಸಿಕೊಳ್ಳಿ.